ಬೇಡಗಿ ಅಂದ್ರೆ ಬ್ಯಾಡಗಿ: ಜರ್ಮನಿಯ ಮಕ್ಕಳ ಜೊತೆ ಡೊಂಬಿವಲಿ, ವಾಶಿ ಮಾರ್ಕೆಟ್ ಸುತ್ತಿದ್ದು

ವಿಡಿಯೋ ನೋಡೋಕೆ ಟೈಮ್ ಇಲ್ಲದೆ ಲೋಕಲ್‌ನಲ್ಲಿ ನಿಂತ್ಕೊಂಡು ಓದೋರಿಗೆ ಇದು ಆ ಮಾತಿನ ಬರಹ ರೂಪ. ಕ್ಯಾಮೆರಾ ಮುಂದೆ ತಡವರಿಸಿದ್ದನ್ನ ತೆಗೆದಿದ್ದೀನಿ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ. ಹೊಸಬರಿಗೆ ನನ್ನ ಪರಿಚಯ: ಹಾವೇರಿ ಜಿಲ್ಲೆಯವನು, ಸುರತ್ಕಲ್‌ನಲ್ಲಿ ಎಂಟೆಕ್, ಒಂಬತ್ತು ವರ್ಷದಿಂದ ಐರೋಲಿಯಲ್ಲಿ ಕೆಲಸ ಮತ್ತು ಮನೆ ಎರಡೂ. ನನ್ನ ಅಕ್ಕ ಡೊಂಬಿವಲಿಯಲ್ಲಿದ್ದಾಳೆ. ನಾನು ಟೀಚರ್ ಅಲ್ಲ, ಶಿಕ್ಷಣತಜ್ಞ ಅಂತೂ ಅಲ್ಲವೇ ಅಲ್ಲ. ಇವತ್ತಿನ ವಿಷಯ ಶಾಲೆಯದ್ದೇ ಆದ್ರೂ ನಾನು ಅದಕ್ಕೆ ಸಿಕ್ಕಿಬಿದ್ದಿದ್ದು ಡ್ರೈವರ್ ಕಮ್ ದುಭಾಷಿಯಾಗಿ.

2025ರ ಫೆಬ್ರವರಿಯಲ್ಲಿ ಅಕ್ಕನ ಮಗನ ಶಾಲೆಗೆ ಜರ್ಮನಿಯಿಂದ ಎಂಟು ಮಕ್ಕಳು ಬಂದಿದ್ರು. ಎಕ್ಸ್‌ಚೇಂಜ್ ಪ್ರೋಗ್ರಾಂ. ಶಾಲೆಯ ಹೆಸರು ಬೇಡ, ಆ ಥರದ ಶಾಲೆ ಠಾಣೆ ಸುತ್ತಮುತ್ತ ಬೇಕಾದಷ್ಟಿವೆ. ಒಬ್ಬ ಹುಡುಗ ಅಕ್ಕನ ಮನೆಯಲ್ಲೇ ಹತ್ತು ದಿನ ಉಳ್ಕೊಂಡಿದ್ದ, ಹದಿನಾಲ್ಕು ವರ್ಷ. ಕಾರ್ಯಕ್ರಮದ ಪಟ್ಟಿ ನಿಮಗೆ ಊಹಿಸೋಕೆ ಕಷ್ಟ ಆಗಲ್ಲ: ಗೇಟ್‌ವೇ, ಎಲಿಫೆಂಟಾ, ಒಂದು ಮಾಲ್, ಒಂದು ಡ್ಯಾನ್ಸ್ ಪ್ರೋಗ್ರಾಂ. ಅದರ ನಡುವೆ 45 ನಿಮಿಷದ 'ಮಾರ್ಕೆಟ್ ವಿಸಿಟ್'. ಅದಕ್ಕೊಂದು ವರ್ಕ್‌ಶೀಟ್: ಐದು ತರಕಾರಿಗಳ ಹೆಸರು, ಬಣ್ಣ, ಬೆಲೆ ಬರೆಯಿರಿ.

ನಾವು ಡೊಂಬಿವಲಿ ಈಸ್ಟ್‌ನಲ್ಲಿ ಸ್ಟೇಶನ್ ಹತ್ತಿರದ ಮಾರ್ಕೆಟ್‌ಗೆ ಹೋದ್ವಿ. ಸಂಜೆ ಆರು ಗಂಟೆ. ಡೊಂಬಿವಲಿ ಗೊತ್ತಿರೋರಿಗೆ ಆರು ಗಂಟೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಟ್ರೇನ್ ಮೇಲೆ ಟ್ರೇನ್ ಬಂದು ಜನರನ್ನ ಸುರೀತಿರತ್ತೆ, ಮನೆಗೆ ಹೋಗೋ ದಾರಿಯಲ್ಲೇ ಎಲ್ಲರೂ ತರಕಾರಿ ತಗೊಳ್ತಾರೆ. ಆ ಹೊತ್ತಲ್ಲಿ ಇಪ್ಪತ್ತು ಮಕ್ಕಳು ಕೈಯಲ್ಲಿ ಪೇಪರ್ ಹಿಡ್ಕೊಂಡು, ವಾಲ್ ಮಾರ್ತಿದ್ದ ಒಬ್ಬ ಹೆಂಗಸಿನ ಮುಂದೆ ಅರ್ಧಚಂದ್ರಾಕಾರದಲ್ಲಿ ನಿಂತ್ಬಿಟ್ರು. ಫೋಟೋ, ವಿಡಿಯೋ, "ವಾಟ್ ಈಸ್ ದಿಸ್". ಆಕೆ ಎರಡು ನಿಮಿಷ ಸಹಿಸ್ಕೊಂಡ್ರು. ಆಮೇಲೆ "ಘ್ಯಾಯ್ಚಂ ನಸೇಲ್ ತರ್ ಬಾಜೂಲಾ ವ್ಹಾ" ಅಂದ್ರು. ತಗೊಳ್ಳೋದಿಲ್ಲಾಂದ್ರೆ ಪಕ್ಕಕ್ಕೆ ಸರೀರಿ ಅಂತ.

ಜೊತೆಯಲ್ಲಿದ್ದ ಟೀಚರ್‌ಗೆ ಅವಮಾನ ಆಯ್ತು. ನನಗೆ ಮಾತ್ರ ಆಕೆ ಹೇಳಿದ್ದು ಸರಿ ಅನ್ನಿಸ್ತು. ಯೋಚನೆ ಮಾಡಿ, ಶುಕ್ರವಾರ ಸಂಜೆ ಪ್ರೊಡಕ್ಷನ್ ರಿಲೀಸ್ ನಡೀತಿದೆ, ನಿಮ್ಮ ಡೆಸ್ಕ್ ಸುತ್ತ ಇಪ್ಪತ್ತು ಮಕ್ಕಳು ಬಂದು ನಿಂತು ಕೀಬೋರ್ಡ್ ಫೋಟೋ ತಗೊಂಡು "ಈ ಬಟನ್ನಿನ ಬಣ್ಣ ಯಾವುದು" ಅಂತ ಕೇಳಿದ್ರೆ? ನಾವು ಸೆಕ್ಯುರಿಟಿ ಕರೀತೀವಿ. ಆಕೆಗೆ ಸೆಕ್ಯುರಿಟಿ ಇಲ್ಲ.

ಅವತ್ತು ರಾತ್ರಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಇದೇ ಮಾತು. ಜರ್ಮನ್ ಹುಡುಗ ಒಂದು ಒಳ್ಳೆ ಪ್ರಶ್ನೆ ಕೇಳಿದ: ಬೆಲೆಯ ಚೀಟಿ ಎಲ್ಲೂ ಇರಲಿಲ್ಲವಲ್ಲ, ವರ್ಕ್‌ಶೀಟ್‌ನಲ್ಲಿ ಬೆಲೆ ಬರೆಯೋದು ಹೇಗೆ? ಅವನ ದೇಶದಲ್ಲಿ ಕಾನೂನೇ ಇದೆ, ಪ್ಯಾಕೆಟ್ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಕಿಲೋಗೆ ಅಥವಾ ಲೀಟರ್‌ಗೆ ಎಷ್ಟು ಬೀಳತ್ತೆ ಅನ್ನೋದನ್ನೂ ಬರೆದಿಡಬೇಕು. ಅಕ್ಕನ ಮಗನ ಕಡೆ ನೋಡಿದ್ವಿ. ಅವನಿಗೆ ಉತ್ತರ ಗೊತ್ತಿಲ್ಲ. ಅವನು ಹುಟ್ಟಿದ್ದು ಡೊಂಬಿವಲಿಯಲ್ಲೇ. ಆದ್ರೆ ಆ ಮಾರ್ಕೆಟ್‌ನಲ್ಲಿ ಅವನು ಒಂದು ಸಲವೂ ತಾನಾಗಿ ಏನೂ ಕೊಂಡಿಲ್ಲ. ಅವರ ಮನೆಗೆ ಎಲ್ಲ ಆ್ಯಪ್‌ನಿಂದ ಹತ್ತು ನಿಮಿಷದಲ್ಲಿ ಬರತ್ತೆ. ನಮ್ಮ ಮನೆಗೂ ಅಷ್ಟೇ, ನಾನೇನು ಸಾಚಾ ಅಲ್ಲ.

ಹಾಗಾಗಿ ಭಾನುವಾರ ನಾವೇ ಹೊರಟ್ವಿ. ಶಾಲೆಯ ಕಾರ್ಯಕ್ರಮ ಅಲ್ಲ, ಆದ್ರೆ ಒಬ್ಬ ಗಣಿತದ ಟೀಚರ್ ತಾವಾಗೇ ಬಂದ್ರು. ಮೂರು ಜರ್ಮನ್ ಮಕ್ಕಳು, ಮೂರು ಇಲ್ಲಿಯವರು, ಜೋಡಿ ಜೋಡಿಯಾಗಿ. ಮಧ್ಯಾಹ್ನ ಮೂರೂವರೆ, ವ್ಯಾಪಾರ ತಣ್ಣಗಿರೋ ಹೊತ್ತು. ಜೋಡಿಗೆ ನೂರು ರೂಪಾಯಿ. ರಾತ್ರಿ ಊಟಕ್ಕೆ ಬೇಕಾದ್ದು ಅದರಲ್ಲೇ ತರಬೇಕು, ತಂದಿದ್ದನ್ನೇ ತಿನ್ನಬೇಕು. ಫೋನ್ ಜೇಬಲ್ಲಿ. ಪ್ರಶ್ನೆ ಕೇಳೋದಿದ್ರೆ ಕೊಳ್ತಾ ಕೇಳಬೇಕು. ನಿಯಮ ಇಷ್ಟೇ.

ಅದೇ ವಾಲ್ ಹೆಂಗಸಿನ ಹತ್ರ ಹೋದ್ವಿ. ಸಿಪ್ಪೆ ಸುಲಿದ ವಾಲ್, ಪಾವ್ ಕಿಲೋಗೆ 60 ರೂಪಾಯಿ. ಇಲ್ಲೊಂದು ತಮಾಷೆ: ಮರಾಠಿಯ ಪಾವ್ ಅಂದ್ರೆ ಕಾಲು, ಇಲ್ಲಿ ಕಾಲು ಕಿಲೋ, ತೂಕ. ಹಳೇ ಮೈಸೂರು ಕಡೆಯ ನಮ್ಮ ಪಾವು ಅಂದ್ರೆ ಕಾಲು ಸೇರು, ಅಳತೆ. ನನ್ನ ಹೆಂಡತಿ ಹಾಸನದವಳು, ಇಲ್ಲಿಗೆ ಬಂದ ಹೊಸದರಲ್ಲಿ ಪಾವ್ ಅಂದಾಗ ಅಂಗಡಿಯವನ ಕೈಯಲ್ಲಿ ಲೋಹದ ಪಾವು ಹುಡುಕ್ತಿದ್ದಳು.

ಅಕ್ಕನ ಮಗನಿಗೆ 400 ಗ್ರಾಂ ಬೇಕಿತ್ತು. ಕೈ ಜೇಬಿಗೆ ಹೋಯ್ತು, ಫೋನ್ ತೆಗೆಯೋ ಹಾಗಿಲ್ಲ. ಅವನು 60ನ್ನ 250ರಿಂದ ಭಾಗಿಸೋಕೆ ಗಾಳಿಯಲ್ಲಿ ಬೆರಳಾಡಿಸ್ತಿರುವಾಗಲೇ ಆಕೆ ಲೆಕ್ಕ ಮುಗಿಸಿದ್ರು. ಪಾವ್‌ಗೆ 60, ಅರ್ಧ ಪಾವ್‌ಗೆ 30, 90 ಕೊಡು. ಅಂದ್ರೆ 375 ಗ್ರಾಂ. ಆಮೇಲೆ ಒಂದು ಹಿಡಿ ತೆಗೆದು ಮೇಲೆ ಹಾಕಿದ್ರು. 400 ಆಯ್ತು. ಇವನು ಕೊನೆಗೂ ಮನಸ್ಸಲ್ಲೇ ಲೆಕ್ಕ ಹಾಕಿ, 96 ಆಗತ್ತೆ, ನೀವು ಆರು ರೂಪಾಯಿ ಕಮ್ಮಿ ಹೇಳಿದ್ರಿ ಅಂದ. ಆಕೆ ನಕ್ಕುಬಿಟ್ರು. ಆ ಹಿಡಿಗೆ ಕನ್ನಡದಲ್ಲಿ ಕೊಸರು ಅಂತ ಹೆಸರಿದೆ. ಜರ್ಮನ್ ಹುಡುಗ ತನ್ನ ಪುಟ್ಟ ನೋಟ್‌ಬುಕ್‌ನಲ್ಲಿ ಕೊಸರು ಅಂತ ರೋಮನ್ ಅಕ್ಷರದಲ್ಲಿ ಬರ್ಕೊಂಡು, ಹಾಗಾದ್ರೆ ಕಿಲೋಗೆ ನಿಜವಾದ ಬೆಲೆ ಎಷ್ಟು ಅಂತ ಕೇಳಿದ. ಇದು ಸಣ್ಣ ಪ್ರಶ್ನೆ ಅಲ್ಲ. ಗಣಿತದ ಟೀಚರ್ ಅಲ್ಲೇ ಫುಟ್‌ಪಾತ್ ಮೇಲೆ 90 ಭಾಗಿಸು 0.4 ಶುರು ಮಾಡಿದ್ರು. 240ರ ಬದಲು 225.

ಈ ಬೀದಿ ಲೆಕ್ಕದ ಬಗ್ಗೆ 1985ರಲ್ಲಿ ಬಂದ ಒಂದು ಹಳೇ ಅಧ್ಯಯನ ಇದೆ, ಬ್ರೆಜಿಲ್‌ನ ರೆಸೀಫೆ ಊರಿನದ್ದು. ಬೀದಿಯಲ್ಲಿ ವ್ಯಾಪಾರ ಮಾಡೋ ಐದು ಮಕ್ಕಳು, 9ರಿಂದ 15 ವರ್ಷದವರು. ಗಿರಾಕಿಗಳ ಹಾಗೆ ಹೋಗಿ ಕೇಳಿದಾಗ 98 ಶೇಕಡಾ ಸರಿ ಉತ್ತರ. ಅದೇ ಲೆಕ್ಕಗಳನ್ನ ಪೇಪರ್ ಮೇಲೆ ಬರೀ ಅಂಕಿಗಳಾಗಿ ಕೊಟ್ಟಾಗ 37 ಶೇಕಡಾ. ಒಬ್ಬ ಹುಡುಗ 35ರ ಹತ್ತು ತೆಂಗಿನಕಾಯಿಗೆ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನು ಮೂರಕ್ಕೆ 210, ಮತ್ತೆ ಮೂರಕ್ಕೆ 315, ಒಂದಕ್ಕೆ 350 ಅಂತ ಕಟ್ಕೊಂಡು ಹೋದ. ನಮ್ಮ ವಾಲ್ ಹೆಂಗಸು ಮಾಡಿದ್ದೂ ಅದೇ ಆಲ್ಗಾರಿದಮ್. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಧಾರಾವಿಯ ಮಕ್ಕಳ ಜೊತೆ ಇಂಥದ್ದೇ ಕೆಲಸ ಮಾಡಿದ್ದಾರೆ. ವಾಶಿ ಸೇತುವೆ ದಾಟಿದ ಕೂಡಲೇ ಸಿಗೋ ಜಾಗ, ನಾವು ಎಷ್ಟು ಸಲ ಅದರ ಪಕ್ಕದಲ್ಲೇ ಹೋಗಿದ್ದೀವಿ.

ಇನ್ನೊಂದು ಮಗ್ಗುಲೂ ಇದೆ. ನಮ್ಮ ಈ ಸುತ್ತಾಟ ನಡೆದ ಅದೇ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೋ ಮತ್ತಿತರರ ಲೇಖನ ಬಂತು. ಕೋಲ್ಕತ್ತಾ, ದೆಹಲಿಯ ಮಾರ್ಕೆಟ್‌ಗಳಲ್ಲಿ ಕೆಲಸ ಮಾಡೋ 1,400ಕ್ಕೂ ಹೆಚ್ಚು ಮಕ್ಕಳನ್ನ ಪರೀಕ್ಷಿಸಿದ್ದು. ಮಾರ್ಕೆಟ್ ಮಕ್ಕಳಿಗೆ ಪಠ್ಯಪುಸ್ತಕದ ಲೆಕ್ಕ ಬರಲ್ಲ ಅನ್ನೋದು ನಮಗೆ ಆಶ್ಚರ್ಯ ಅಲ್ಲ. ಆದ್ರೆ ಹತ್ತಿರದ ಶಾಲೆಗಳ ಮಕ್ಕಳಿಗೆ ಮಾರ್ಕೆಟ್ ಲೆಕ್ಕ ಬರಲ್ಲ. ಎರಡೂ ಕಡೆ ಸೇತುವೆ ಇಲ್ಲ. ಅಕ್ಕನ ಮಗನಿಗೆ ಗಣಿತದಲ್ಲಿ 94, ಗೊತ್ತಾಯ್ತಲ್ಲ.

ವಾಲ್ ಮನೆಗೆ ಬಂತು. ನನ್ನ ಹೆಂಡತಿ ಪೊಟ್ಟಣ ಬಿಚ್ಚಿ ನೋಡಿ "ಅಯ್ಯೋ, ಇದು ಹಿದಕಿದ ಬೇಳೆ!" ಅಂದಳು. ಪೂರ್ತಿ ಅದೇ ಅಲ್ಲ. ನಮ್ಮಲ್ಲಿ ಹಸಿ ಅವರೆಕಾಳನ್ನ ನೆನೆಸಿ ಹಿಚುಕಿ ಸಿಪ್ಪೆ ತೆಗೀತೀವಿ. ಕೊಂಕಣದಲ್ಲಿ ಒಣಗಿದ ವಾಲನ್ನ ಮೊಳಕೆ ಬರಿಸಿ ಸುಲೀತಾರೆ. ಆದ್ರೆ ಗಿಡ ಒಂದೇ ಜಾತಿ, ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಎರಡರ ಬೀಜಾನೂ ನೀರಲ್ಲಿ ಹಾಕಿಟ್ಟು ಎರಡು ದಿನ ನೋಡಿದ್ರು ಮಕ್ಕಳು, ಮೊಳಕೆ ಬಂದಾಗ ಸಿಪ್ಪೆ ಯಾಕೆ ಸಡಿಲ ಆಗತ್ತೆ ಅನ್ನೋದು ಯಾರೂ ಹೇಳಿಕೊಡದೇ ಕೈಗೆ ಗೊತ್ತಾಯ್ತು. ಹೆಂಡತಿ ಅವತ್ತು ಮಾಡಿದ್ದು ಹಾಸನದ ಸಾರು, ವಾಲ್ ಡೊಂಬಿವಲಿಯದ್ದು. ಜರ್ಮನ್ ಹುಡುಗ ಎರಡು ಸಲ ಹಾಕಿಸ್ಕೊಂಡ, ಖಾರಕ್ಕೆ ಕಣ್ಣೀರೂ ಬಂತು. ಆ ಖಾರದಿಂದಲೇ ಮುಂದಿನ ದಾರಿ ಸಿಕ್ಕಿದ್ದು.

ಮಹಾರಾಷ್ಟ್ರದ ಅಡುಗೆಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ವರ್ಷದ ಮಸಾಲೆ ಕುಟ್ಟಿಸೋ ಕಾಲ ಬರತ್ತೆ. ಆಗ ಎಲ್ಲರ ಬಾಯಲ್ಲೂ ಎರಡು ಹೆಸರು: ಬೇಡಗಿ, ಸಂಕೇಶ್ವರಿ. ಅಕ್ಕನ ಮಗ ಬೇಡಗಿ ಅಂದ್ರೆ ಒಂದು ಬ್ರ್ಯಾಂಡ್ ಅಂದ್ಕೊಂಡಿದ್ದ. ತಪ್ಪಿಲ್ಲ, ಕನ್ನಡದಲ್ಲಿ ಬೆಡಗಿ ಅಂದ್ರೆ ಚೆಲುವೆ, ಬ್ರ್ಯಾಂಡ್‌ಗೆ ಒಪ್ಪೋ ಹೆಸರೇ. ಆದ್ರೆ ಅದು ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ. ಸಂಕೇಶ್ವರಿ ಅಂದ್ರೆ ಬೆಳಗಾವಿ ಜಿಲ್ಲೆಯ ಸಂಕೇಶ್ವರ. ಮರಾಠಿ ಮಸಾಲೆಯ ಡಬ್ಬಿಯಲ್ಲಿ ಎರಡು ಕನ್ನಡ ಊರುಗಳು ಕೂತಿವೆ. ನಮ್ಮ ಮಕ್ಕಳಿಗೆ ಅದು ಗೊತ್ತಿಲ್ಲ.

ಸೋಮವಾರ ರಜೆ ಹಾಕಿದೆ. ಮ್ಯಾನೇಜರ್‌ಗೆ ಪರ್ಸನಲ್ ವರ್ಕ್ ಅಂದೆ. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಲೈನ್ ಹಿಡಿದು ತುರ್ಭೆ. ಮುಂಬೈ ಎಪಿಎಂಸಿ ಅಂತ ನಾವು ವಾಶಿ ಮಾರ್ಕೆಟ್ ಅನ್ನೋದು ಒಂದು ಮಾರ್ಕೆಟ್ ಅಲ್ಲ, ಐದು: ಈರುಳ್ಳಿ-ಆಲೂಗಡ್ಡೆ, ತರಕಾರಿ, ಹಣ್ಣು, ಧಾನ್ಯ, ಮಸಾಲೆ. ಮೊದಲು ಮಸೀದಿ ಬಂದರ್ ಥರದ ಹಳೇ ಬೀದಿಗಳಲ್ಲಿ ಕಿಕ್ಕಿರಿದಿದ್ದ ಸಗಟು ವ್ಯಾಪಾರ ಹಂತಹಂತವಾಗಿ ಇಲ್ಲಿಗೆ ಬಂತು. ಇಲ್ಲಿ ನಮ್ಮನ್ನ ಯಾರೂ ಸುಮ್ಮನೆ ಒಳಗೆ ಓಡಾಡೋಕೆ ಬಿಡಲ್ಲ, ಬಿಡಬಾರದೂ ಕೂಡ, ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು ಓಡ್ತಿರ್ತಾರೆ. ಪರಿಚಯದ ಒಬ್ಬ ವ್ಯಾಪಾರಿಗೆ ಮೊದಲೇ ಫೋನ್ ಮಾಡಿದ್ದೆ. ಎರಡು ಕಿಲೋ ಮೆಣಸಿನಕಾಯಿ ಕೊಳ್ತೀವಿ, ಅರ್ಧ ಗಂಟೆ ಕೊಡಿ ಅಂತ.

ಗೋದಾಮಿನ ಒಳಗೆ ಎಲ್ಲರಿಗೂ ಸೀನು. ಚೀಲಗಳ ಸಾಲು. ಒಂದು ಚೀಲದ ಮೇಲೆ ನೀಲಿ ಬಣ್ಣದಲ್ಲಿ ದಪ್ಪ ಅಕ್ಷರ. ಜರ್ಮನ್ ಹುಡುಗ ಅಕ್ಕನ ಮಗನನ್ನ ಕೇಳಿದ, ಇದು ಯಾವ ಲಿಪಿ? ಹಿಂದಿ ಥರ ಇಲ್ಲವಲ್ಲ. ಇವನು ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ "ಕನ್ನಡ" ಅಂದ. ಏನು ಬರೆದಿದೆ? ಇವನು ನನ್ನ ಕಡೆ ನೋಡಿದ. ಬ್ಯಾಡಗಿ ಅಂತ ಬರೆದಿತ್ತು. ಮೂರೇ ಅಕ್ಷರ. ಮನೆಯಲ್ಲಿ ಕನ್ನಡ ಮಾತಾಡ್ತಾನೆ, ಅಜ್ಜಿ ಜೊತೆ ಜಗಳಾನೂ ಕನ್ನಡದಲ್ಲೇ, ಆದ್ರೆ ಅವನ ಅಜ್ಜಿಯ ಊರಿನ ಪಕ್ಕದಿಂದ ಬಂದ ಚೀಲ ಅವನಿಗೆ ಓದೋಕೆ ಬರಲಿಲ್ಲ. ನಾನು ಅಲ್ಲಿ ಏನೂ ಹೇಳಲಿಲ್ಲ. ಅವನ ಮುಖ ಕೆಂಪಾಗಿದ್ದು ಮೆಣಸಿನ ಘಾಟಿಗೆ ಅಂತ ಎಲ್ಲರೂ ಅಂದ್ಕೊಂಡ್ರು.

ಅಲ್ಲೇ ರಾಣೆಬೆನ್ನೂರಿಗೆ ಅಮ್ಮನಿಗೆ ಫೋನ್ ಹಚ್ಚಿದೆ, ಸ್ಪೀಕರ್‌ನಲ್ಲಿ. ಅಮ್ಮ ಮೊಮ್ಮಗನಿಗೆ, ಕಾಯಿ ಹಿಡದ್ ನೋಡು, ಸುಕ್ಕ ಅದಾವೇನ? ಸುಕ್ಕಿದ್ರ ನಮ್ದ, ನುಣುಪಿದ್ರ ಬ್ಯಾರೇದು ಅಂದ್ರು. ವ್ಯಾಪಾರಿ ತಲೆ ಅಲ್ಲಾಡಿಸಿದ್ರು, ಅವರಿಗೆ ಕನ್ನಡ ಬರಲ್ಲ ಆದ್ರೆ ಅಮ್ಮ ಹೇಳಿದ್ದು ಏನು ಅಂತ ಅರ್ಥ ಆಗಿತ್ತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಸಿಕ್ಕಿದೆ. ಖಾರ ಕಮ್ಮಿ, ಬಣ್ಣ ಜಾಸ್ತಿ. ಆ ಬಣ್ಣ ತೆಗೆದು ಲಿಪ್‌ಸ್ಟಿಕ್, ಉಗುರು ಬಣ್ಣಕ್ಕೂ ಹಾಕ್ತಾರೆ ಅಂದಾಗ ಒಬ್ಬ ಜರ್ಮನ್ ಹುಡುಗಿ ತನ್ನ ಉಗುರು ನೋಡ್ಕೊಂಡಳು.

ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳ್ತೀನಿ, ನಾವೂ ಅವತ್ತು ಮಾಡಿದ್ದು. ಎರಡು ಲೋಟ, ಒಂದರಲ್ಲಿ ಬೆಚ್ಚಗಿನ ನೀರು, ಇನ್ನೊಂದರಲ್ಲಿ ಬೆಚ್ಚಗಿನ ಎಣ್ಣೆ. ಎರಡಕ್ಕೂ ಒಂದೊಂದು ಚಮಚ ಬ್ಯಾಡಗಿ ಪುಡಿ. ನೀರು ಮಂಕಾಗೇ ಉಳಿಯತ್ತೆ, ಎಣ್ಣೆ ಕೆಂಪಾಗತ್ತೆ. ಬಣ್ಣ ಕೊಡೋ ಕ್ಯಾಪ್ಸಾಂಥಿನ್ ಎಣ್ಣೆಯಲ್ಲಿ ಕರಗೋ ವಸ್ತು. ನಾವು ಯಾಕೆ ಒಗ್ಗರಣೆಗೆ ಮೆಣಸಿನಕಾಯಿ ಹಾಕ್ತೀವಿ ಅಂತ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ನನ್ನಿಂದ ಆಗಲ್ಲ.

ಬೆಲೆ ಯಾರು ನಿರ್ಧಾರ ಮಾಡ್ತಾರೆ ಅನ್ನೋ ಪ್ರಶ್ನೆ ವಾಶಿಯಲ್ಲಿ ಮತ್ತೆ ಬಂತು. ಮಕ್ಕಳು ಹುಡುಕಿದಾಗ ಸಿಕ್ಕಿದ್ದು 2024ರ ಮಾರ್ಚ್ 11ರ ಸುದ್ದಿ: ದರ ಕುಸಿದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು. ಅದೇ ಕೆಂಪು ಕಾಯಿ. ಗೋದಾಮಿನಲ್ಲಿ ಸೀನಿದ್ದ ಮಕ್ಕಳು ಆ ವಿಡಿಯೋ ನೋಡ್ತಾ ಸುಮ್ಮನಾದ್ರು. ಡೊಂಬಿವಲಿ ಫುಟ್‌ಪಾತ್‌ನ ಕೊಸರು ಒಂದು ತುದಿ, ಉರಿಯೋ ಜೀಪ್ ಇನ್ನೊಂದು ತುದಿ, ನಡುವೆ ಇರೋದಕ್ಕೆಲ್ಲ ಬೆಲೆ ಅಂತ ಒಂದೇ ಪದ.

ಶಾಲೆಯವರಿಗೆ ಇದನ್ನೆಲ್ಲ ತೋರಿಸಿದಾಗ ಬಂದ ಮೊದಲ ಪ್ರಶ್ನೆ, ಇದು ಯಾವ ಸಬ್ಜೆಕ್ಟ್‌ನ ಮಾರ್ಕ್ಸ್? ಕೇಳಿದವರದ್ದು ತಪ್ಪಲ್ಲ, ಅವರ ಸಾಫ್ಟ್‌ವೇರ್‌ನಲ್ಲಿ ಡ್ರಾಪ್‌ಡೌನ್ ಇರೋದೇ ಹಾಗೆ. ಮೆಣಸಿನಕಾಯಿಗೆ ಡ್ರಾಪ್‌ಡೌನ್ ಇಲ್ಲ, ಕೊನೆಗೆ 'ಪ್ರಾಜೆಕ್ಟ್' ಅಂತ ಹಾಕಿದ್ರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ಕ್ಲಾಸಿಗೆ ಹತ್ತು ದಿನ ಬ್ಯಾಗ್ ಇಲ್ಲದ ದಿನಗಳು ಅಂತ ಇದೆ, ಇಂಥದ್ದಕ್ಕೇ. ನಮ್ಮೂರ ಸರ್ಕಾರಿ ಶಾಲೆಗಳು ಮಕ್ಕಳ ಸಂತೆ, ಮೆಟ್ರಿಕ್ ಮೇಳ ಅಂತ ಇದನ್ನ ಸದ್ದಿಲ್ಲದೆ ಮಾಡ್ಕೊಂಡು ಬಂದಿವೆ. ಅಲ್ಲಿ ಮಗು ಮನೆಯಿಂದ ಸೊಪ್ಪು ತಂದು ತಾನೇ ತಕ್ಕಡಿ ಹಿಡಿಯತ್ತೆ. ಇಲ್ಲಿ ನಾವು ಲಕ್ಷಗಟ್ಟಲೆ ಫೀಸ್ ಕಟ್ಟಿ ಅದನ್ನ ಎಕ್ಸ್‌ಪೀರಿಯೆನ್ಶಿಯಲ್ ಲರ್ನಿಂಗ್ ಅಂತೀವಿ. ಇರಲಿ.

ಈಗ ನಾನು ಬಿಟ್ಟಿದ್ದ ಒಂದು ವಿಷಯ. ಭಾನುವಾರ ವಾಲ್ ಕೊಟ್ಟ ಮೇಲೆ ಆ ಹೆಂಗಸು ಜರ್ಮನ್ ಹುಡುಗನಿಗೆ ತಿರುಗಿ ಪ್ರಶ್ನೆ ಕೇಳಿದ್ರು: ನಿಮ್ಮಲ್ಲಿ ಬೀನ್ಸ್ ಕಿಲೋಗೆ ಎಷ್ಟು? ಹುಡುಗ ಬೆಬ್ಬಳಿಸಿದ. ಅವನಿಗೂ ಗೊತ್ತಿಲ್ಲ, ಅವನೂ ಯಾವತ್ತೂ ತರಕಾರಿ ಕೊಂಡಿಲ್ಲ. ಅವತ್ತು ಪರೀಕ್ಷೆಯಲ್ಲಿ ಫೇಲಾದವರು ಇಬ್ಬರು. ನನ್ನ ಲೆಕ್ಕದಲ್ಲಿ ನಿಜವಾದ ಎಕ್ಸ್‌ಚೇಂಜ್ ಶುರುವಾಗಿದ್ದು ಅಲ್ಲಿಂದ, ಯಾಕಂದ್ರೆ ಆ ಪ್ರಶ್ನೆ ಟೀಚರ್‌ದಲ್ಲ, ವರ್ಕ್‌ಶೀಟ್‌ದಲ್ಲ, ಉತ್ತರ ಬೇಕಾಗಿದ್ದವರೇ ಕೇಳಿದ್ದು.

ಅವನು ಊರಿಗೆ ಹೋಗಿ ಶನಿವಾರದ ಸಂತೆಗೆ ಹೋದ. ಹಸಿ ಬೀನ್ಸ್ ಕಿಲೋಗೆ 7 ಯೂರೋ ಹತ್ತಿರ, ಚಳಿಗಾಲ ಅಲ್ವಾ, ಹೊರದೇಶದಿಂದ ಬಂದಿದ್ದು. ಆಗಿನ ದರದಲ್ಲಿ ಸುಮಾರು 650 ರೂಪಾಯಿ. ಅಕ್ಕನ ಮಗ ವಾಟ್ಸಾಪ್‌ನಲ್ಲಿ, ಅಬ್ಬಾ ದುಬಾರಿ ಅಂತ ಬರೆದ. ಗಣಿತದ ಟೀಚರ್ ತಡೆದ್ರು. ರೂಪಾಯಿಗೆ ಬದಲಾಯಿಸಬೇಡ, ನಿಮಿಷಕ್ಕೆ ಬದಲಾಯಿಸು ಅಂದ್ರು. 2025ರಲ್ಲಿ ಅಲ್ಲಿ ಕನಿಷ್ಠ ವೇತನ ಗಂಟೆಗೆ 12.82 ಯೂರೋ. ಅಂದ್ರೆ ಒಂದು ಕಿಲೋ ಬೀನ್ಸ್‌ಗೆ ಸುಮಾರು 33 ನಿಮಿಷದ ಕೆಲಸ. ಈ ಕಡೆ ಲೆಕ್ಕಕ್ಕೆ ಅಕ್ಕನ ಮಗ ಮತ್ತೆ ಮಾರ್ಕೆಟ್‌ಗೆ ಹೋಗಬೇಕಾಯ್ತು, ಈ ಸಲ ಒಬ್ಬನೇ. ಕೊತ್ತಂಬರಿ ಕೊಳ್ತಾ, ವಾಲ್ ಸುಲಿಯೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ಕೇಳಿದ. ಕರ್ಜತ್ ಕಡೆಯಿಂದ ಬರೋರು ಆಕೆ. ಮೂರು ದಿನ ಮೊಳಕೆಗೆ, ಆಮೇಲೆ ತಾಯಿ ಮಗಳು ಕೂತು ಸುಲಿದ್ರೆ ಒಂದು ಸಂಜೆಗೆ ಒಂದೂವರೆ ಕಿಲೋ, ಎರಡಾದ್ರೆ ಪುಣ್ಯ. ಇವನು ಮನೆಗೆ ಬಂದು ಎಷ್ಟು ಸಲ ಲೆಕ್ಕ ಹಾಕಿದ್ರೂ ಒಂದು ಕಿಲೋಗೆ ಗಂಟೆಗಟ್ಟಲೆ ಕೆಲಸ ಬರ್ತಿತ್ತು, ಬಿತ್ತಿದವರು, ಟ್ರೇನ್ ಪಾಸ್, ಕೂರೋಕೆ ಜಾಗ ಇವೆಲ್ಲ ಬಿಟ್ಟು. ಆರು ರೂಪಾಯಿ ಕಮ್ಮಿ ತಗೊಂಡಿದ್ದು ಈಗ ಅವನಿಗೆ ಬೇರೆ ಥರ ಕಂಡಿರಬೇಕು. ನಾನು ಕೇಳಲಿಲ್ಲ.

ನಿಮ್ಮ ಮಕ್ಕಳ ಶಾಲೆಗೂ ಹೀಗೆ ಹೊರಗಿನ ಮಕ್ಕಳು ಬಂದ್ರೆ ಒಂದೆರಡು ಮಾತು. ಗುಂಪು ಆರಕ್ಕಿಂತ ಹೆಚ್ಚಾದ್ರೆ ಅದು ಮೆರವಣಿಗೆ. ಕಲ್ಯಾಣ್‌ನ ಹೂವಿನ ಮಾರ್ಕೆಟ್‌ಗೆ ಹೋಗೋದಾದ್ರೆ ಬೆಳಗಿನ ಜಾವ ಬೇಡ, ಅದು ಅವರ ಪೀಕ್ ಅವರ್. ಫೋಟೋ ಕೇಳಿ ತಗೊಳ್ಳಿ, ಬೇಡ ಅಂದ್ರೆ ಬೇಡ. ಫೆಬ್ರವರಿಯಲ್ಲಿ ವಾಲ್ ಸಿಕ್ತು ಅಂತ ಜೂನ್‌ನಲ್ಲಿ ಅದನ್ನೇ ಹುಡುಕಬೇಡಿ. ಆಗ ಮೊದಲ ಮಳೆಗೆ ಆದಿವಾಸಿ ಹೆಂಗಸರು ಶೇವಳ ಅಂತ ಒಂದು ಕಾಡು ತರಕಾರಿ ತರ್ತಾರೆ, ಜೊತೆಗೆ ಕಾಕಡ ಅನ್ನೋ ಹುಳಿ ಕಾಯಿ. ಅದು ಹಾಕದಿದ್ರೆ ಗಂಟಲು ತುರಿಸತ್ತೆ. ಪತ್ರೊಡೆಗೆ ಹುಣಸೆಹಣ್ಣು ಹಾಕೋ ಕರಾವಳಿಯವರಿಗೆ ಕಾರಣ ಆಗಲೇ ಗೊತ್ತಾಗಿರತ್ತೆ.

ಏಪ್ರಿಲ್ ಕೊನೆಗೆ ಅಕ್ಕನ ಮಗ ಉತ್ತರ ಹೇಳೋಕೆ ಹೋದ. ಇಷ್ಟು ದಿನ ಯಾಕೆ ತಡ ಅಂದ್ರೆ, ವಾರ್ಷಿಕ ಪರೀಕ್ಷೆ. ವಾಲ್ ಮುಗಿದಿತ್ತು, ಆಕೆ ಎಲೆಯ ದೊನ್ನೆಯಲ್ಲಿ ಕವಳೆ ಹಣ್ಣು ಇಟ್ಕೊಂಡು ಕೂತಿದ್ರು. ಇವನು ಮರಾಠಿಯಲ್ಲಿ, ಅವರಲ್ಲಿ ಕಿಲೋ ಬೀನ್ಸ್‌ಗೆ 650, ಆದ್ರೆ ಅರ್ಧ ಗಂಟೆ ದುಡಿದ್ರೆ ಸಿಗತ್ತೆ ಅಂದ. ಆಕೆ ಮೊದಲನೇ ಅರ್ಧಕ್ಕೆ ನಕ್ಕರು, ಎರಡನೇ ಅರ್ಧಕ್ಕೆ "ಅರ್ಧಾ ತಾಸ್?" ಅಂತ ಇನ್ನೊಂದು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು. ಎರಡು ದೊನ್ನೆ ತಗೊಂಡು ಬಂದಿದ್ದಾನೆ, ಮೇಲೆ ಕೊಸರು ಬೇರೆ. ಅದರ ಫೋಟೋ ನನಗೆ ಕಳಿಸಿ ಕೆಳಗೆ ಕನ್ನಡದಲ್ಲಿ ಒಂದು ಪದ ಟೈಪ್ ಮಾಡಿದ್ದ, ಮೊದಲ ಸಲ, 'ಕೊಸರು' ಅಂತ. ಸ ಬದಲು ಶ ಬಿದ್ದಿತ್ತು. ತಿದ್ದೋಕೆ ಹೋಗಲಿಲ್ಲ.